ಪ್ರಕೃತಿ ಚಿಕಿತ್ಸೆ: ಪಥ್ಯವೆಷ್ಟು, ವಿಜ್ಞಾನವೆಷ್ಟು?

ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ, ಕಟಿಸ್ನಾನ, ಎನಿಮಾ, ಉಪವಾಸ, ಹಣ್ಣಿನ ರಸ – ಪ್ರಕೃತಿ ಚಿಕಿತ್ಸೆಯ ಶಿಬಿರಗಳಿಗೆ ಹೋಗಿಬಂದ ಸದ್ಭಕ್ತರಿಗೆ ಇವು ಪರಿಚಿತ. ಮೈ ಹಗುರವಾಯಿತೆಂದು ಅವರು ಹೇಳುವುದು ಸುಳ್ಳಲ್ಲ. ಕರಿದ ತಿಂಡಿ, ಚಹಾ, ತಂಬಾಕುಗಳನ್ನು ಬಿಟ್ಟು, ಹೊತ್ತಿಗೆ ಸರಿಯಾಗಿ ಮಲಗಿ, ನಿತ್ಯ ನಡೆದವರಿಗೆ ಹಗುರವೆನಿಸದಿದ್ದರೇ ಆಶ್ಚರ್ಯ. ಆದರೆ 'ಇದು ಔಷಧವಿಲ್ಲದ ಪರಿಪೂರ್ಣ ವೈದ್ಯವಿಜ್ಞಾನ, ಇನ್ನು ಮಾತ್ರೆಯೂ ಬೇಡ, ಇನ್ಸುಲಿನ್ನೂ ಬೇಡ' ಎಂಬ ಮಾತನ್ನೂ ಕೆಲವರು ಅಲ್ಲಿಂದ ಹೊತ್ತು ತರುತ್ತಾರೆ. ನಾವು ಇಲ್ಲಿ ಪರಿಶೀಲಿಸುವುದು ಆ ಮಾತನ್ನು.

ಈ ಪದ್ಧತಿ ಸಂಪೂರ್ಣವಾಗಿ ಪ್ರಾಚೀನ ಭಾರತದ್ದೆಂದು ಹಲವರ ನಂಬಿಕೆ. ಉಪವಾಸ, ಪಥ್ಯಗಳು ನಮ್ಮಲ್ಲಿಯೂ ಹಿಂದಿನಿಂದ ಇದ್ದವು, ನಿಜ. ಆದರೆ ಅದರ ಈಗಿನ ರೂಪ ಹತ್ತೊಂಬತ್ತನೆಯ ಶತಮಾನದ ಮಧ್ಯ ಯುರೋಪಿನದು. ಸೈಲೇಸಿಯಾದ ರೈತ ವಿನ್ಸೆಂಟ್ ಪ್ರೀಸ್ನಿಟ್ಜ್ ತಣ್ಣೀರಿನ ಚಿಕಿತ್ಸೆಯನ್ನು ಪ್ರಸಿದ್ಧಗೊಳಿಸಿದನು. ಜರ್ಮನಿಯ ಲೂಯಿ ಕೂನೆ ಕಟಿಸ್ನಾನವನ್ನು ಹರಡಿದನು. ಕೂನೆ ಮತ್ತು ಅಡಾಲ್ಫ್ ಜಸ್ಟರ ಗ್ರಂಥಗಳನ್ನು ಓದಿದ ಗಾಂಧೀಜಿಯವರಿಂದ ಅದು ನಮ್ಮ ದೇಶದಲ್ಲಿ ಗೌರವ ಪಡೆಯಿತು. ಅದೇ ಗಾಂಧೀಜಿಯವರಿಗೆ 1924ರ ಜನವರಿಯಲ್ಲಿ ಯರವಡಾ ಸೆರೆಮನೆಯಲ್ಲಿದ್ದಾಗ ಅಪೆಂಡಿಸೈಟಿಸ್ ಆದಾಗ, ಅವರು ಒಪ್ಪಿಗೆಯಿತ್ತು ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಶಿಬಿರಗಳ ಗೋಡೆಯ ಮೇಲೆ ಅವರ ಚಿತ್ರವಿರುತ್ತದೆ; ಈ ಸಂಗತಿಯನ್ನು ಹೇಳುವವರು ಕಡಿಮೆ.

ರೋಗಗಳೆಲ್ಲ ಮೂಲತಃ ಒಂದೇ, ದೇಹದಲ್ಲಿ ಶೇಖರವಾದ 'ವಿಜಾತೀಯ ದ್ರವ್ಯ'ವೇ ಅದಕ್ಕೆ ಕಾರಣ, ಅದನ್ನು ಹೊರಹಾಕುವುದೇ ಚಿಕಿತ್ಸೆ – ಇದು ಕೂನೆಯ ಸಿದ್ಧಾಂತ. ಇಂದು ನಾವು ಕೇಳುವ 'ದೇಹದ ವಿಷ ತೆಗೆಯುವ' ಮಾತು ಇದರದೇ ಸಂತಾನ. ಆ ವಿಷದ ಹೆಸರೇನು? ಚಿಕಿತ್ಸೆಗೆ ಮುನ್ನ ರಕ್ತದಲ್ಲಿ ಎಷ್ಟಿತ್ತು, ಅನಂತರ ಎಷ್ಟಾಯಿತು? ಇದಕ್ಕೆ ಉತ್ತರ ದೊರೆಯುವುದಿಲ್ಲ. ಮೂತ್ರಪಿಂಡ ಸೋತವರ ರಕ್ತದಲ್ಲಿ ಯೂರಿಯಾ, ಕ್ರಿಯಾಟಿನಿನ್ ಏರುವುದನ್ನು ತಾಲ್ಲೂಕು ಕೇಂದ್ರದ ಪ್ರಯೋಗಾಲಯವೂ ಅಳೆದು ಹೇಳಬಲ್ಲದು. ಅಂಥವರಿಗೆ ಎಳನೀರು, ಹಣ್ಣಿನ ರಸಗಳನ್ನು ಧಾರಾಳವಾಗಿ ಕೊಟ್ಟರೆ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು.

ಇನ್ನೊಂದು ಮಾತು 'ಗುಣಮುಖ ಸಂಕಟ'. ರೋಗಿ ಚೇತರಿಸಿಕೊಂಡರೆ ಚಿಕಿತ್ಸೆಯ ಫಲ. ಉಲ್ಬಣಿಸಿದರೆ ವಿಷ ಹೊರಬೀಳುತ್ತಿರುವ ಲಕ್ಷಣ. ಏನಾದರೂ ಸಿದ್ಧಾಂತ ಗೆಲ್ಲಲೇಬೇಕೆಂಬ ಏರ್ಪಾಡು ಇದು. ಸೋಲುವ ಸಾಧ್ಯತೆಯನ್ನೇ ಇಟ್ಟುಕೊಳ್ಳದ ಮಾತನ್ನು ವಿಜ್ಞಾನವೆಂದು ಕರೆಯಲು ಬಾರದು.

ಆಹಾರದಿಂದ ರೋಗ ತಗ್ಗುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಅಮೆರಿಕದಲ್ಲಿ 459 ಜನರನ್ನು ಗುಂಪುಗಳಾಗಿ ವಿಂಗಡಿಸಿ ಮಾಡಿ, 1997ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ತರಕಾರಿ, ಹಣ್ಣು, ಕೊಬ್ಬು ಕಡಿಮೆಯಿರುವ ಹಾಲು ಹೆಚ್ಚಾಗಿದ್ದ ಊಟ ರಕ್ತದೊತ್ತಡವಿದ್ದವರ ಮೇಲಿನ ಅಂಕಿಯನ್ನು, ವಾಡಿಕೆಯ ಊಟ ಮಾಡಿದವರಿಗೆ ಹೋಲಿಸಿದರೆ, ಸುಮಾರು 11ರಷ್ಟು ಇಳಿಸಿತು. ಇದು ತಿಳಿದುಬಂದದ್ದು ಅಳೆದು ಹೋಲಿಸಿದ್ದರಿಂದ. ವಿಜಾತೀಯ ದ್ರವ್ಯದ ಸಿದ್ಧಾಂತದಿಂದಲ್ಲ.

ಉಪವಾಸಕ್ಕೂ ಒಂದು ಕಠಿಣ ಪರೀಕ್ಷೆ ನಡೆದುಹೋಗಿದೆ. ಇನ್ಸುಲಿನ್ ಬರುವ ಮುನ್ನ, ಮಧುಮೇಹದ ಮಕ್ಕಳನ್ನು ಅಮೆರಿಕದ ವೈದ್ಯ ಫ್ರೆಡರಿಕ್ ಆಲೆನ್ ಅರೆಹೊಟ್ಟೆಯಲ್ಲಿಟ್ಟು ಕಾಪಾಡಲೆತ್ನಿಸಿದರು. ಅದಕ್ಕಿಂತ ಕಟ್ಟುನಿಟ್ಟಾದ ಪಥ್ಯವನ್ನು ಯಾವ ಶಿಬಿರವೂ ನಡೆಸಲಾರದು. ಮಕ್ಕಳು ಕೆಲಕಾಲ ಹೆಚ್ಚು ಬದುಕಿದರು, ಎಲುಬಿನ ಗೂಡಾಗಿ. ಎಲಿಜಬೆತ್ ಹ್ಯೂಸ್ ಎಂಬ ಹುಡುಗಿ 1922ರ ಆಗಸ್ಟಿನಲ್ಲಿ ಟೊರಾಂಟೊಗೆ ಬಂದಾಗ ಹದಿನೈದು ತುಂಬುವುದರಲ್ಲಿತ್ತು. ತೂಕ ಸುಮಾರು 20 ಕಿಲೋ. ಇನ್ಸುಲಿನ್ ದೊರೆತ ಆಕೆ 1981ರವರೆಗೆ ಬದುಕಿದರು.

ಅರ್ಬುದದ ವಿಷಯದಲ್ಲಿಯೂ ಲೆಕ್ಕ ಸಿಕ್ಕಿದೆ. ಹರಡುವ ಮುನ್ನವೇ ಪತ್ತೆಯಾಗಿದ್ದರೂ ವೈದ್ಯರ ಚಿಕಿತ್ಸೆಯನ್ನು ಬಿಟ್ಟು ಬೇರೆ ಪದ್ಧತಿಗಳನ್ನೇ ನೆಚ್ಚಿದ ಸುಮಾರು 280 ಜನರ ದಾಖಲೆಗಳನ್ನು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ಅವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನದ ಅರ್ಬುದದಲ್ಲಿ ಐದು ಪಟ್ಟಿಗೂ ಅಧಿಕ. ಪ್ರಕೃತಿ ಚಿಕಿತ್ಸೆಯೊಂದನ್ನೇ ಕುರಿತ ಅಧ್ಯಯನ ಇದಲ್ಲವಾದರೂ, ಕಳೆದುಹೋದ ಕಾಲದ ಬೆಲೆ ಎಷ್ಟೆಂಬುದು ಅದರಲ್ಲಿ ಕಾಣುತ್ತದೆ.

ಉಜಿರೆಯಲ್ಲಿ 1989ರಿಂದ ಕಾಲೇಜಿದೆ, ಐದೂವರೆ ವರ್ಷದ ಪದವಿಯಿದೆ, ಆಯುಷ್ ಮನ್ನಣೆಯಿದೆ ಎಂದು ವಾದಿಸುವವರಿದ್ದಾರೆ. ಪದವಿ ಓದಿಗೆ ಪ್ರಮಾಣ. ಚಿಕಿತ್ಸೆಗೆ ಪ್ರಮಾಣ ರೋಗಿಯ ಮೇಲಿನ ಫಲಿತಾಂಶ.

ಶಿಬಿರಕ್ಕೆ ಹೋಗುವವರು ಈಗ ಸೇವಿಸುತ್ತಿರುವ ಔಷಧಗಳ ಚೀಟಿಯನ್ನು ಅಲ್ಲಿನ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಉಪವಾಸವಿದ್ದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಆದ್ದರಿಂದ ಔಷಧದ ಪ್ರಮಾಣವನ್ನು ಬರೆದುಕೊಟ್ಟ ವೈದ್ಯರನ್ನು ಮೊದಲೇ ಕೇಳಬೇಕು. ಟೈಪ್-1 ಮಧುಮೇಹದ ಮಕ್ಕಳಿಗೆ ಇನ್ಸುಲಿನನ್ನು ಒಂದು ದಿನವೂ ನಿಲ್ಲಿಸಕೂಡದು. ಅಂಥ ಮಗುವಿಗೆ ವಾಂತಿ, ಹೊಟ್ಟೆನೋವು, ದೀರ್ಘವಾದ ಏದುಸಿರು, ಮಂಪರು ಕಂಡರೆ ಅದು ಗುಣಮುಖ ಸಂಕಟವಲ್ಲ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.