ಚೆನ್ನೀನಿಯ ರೇಖಾಪಾಠ

ಇಟಲಿಯ ಕೊಲ್ಲೆ ದಿ ವಾಲ್ ದೆಲ್ಸಾ ಎಂಬ ಊರಿನ ಚೆನ್ನೀನೋ ಚೆನ್ನೀನಿ ಕ್ರಿ. ಶ. 1400ರ ಸುಮಾರಿಗೆ ರಚಿಸಿದ 'ಕಲೆಯ ಪುಸ್ತಕ'ವು ಚಿತ್ರಕಾರನೊಬ್ಬನು ಚಿತ್ರಕಾರರಿಗಾಗಿಯೇ ಬರೆದ ಗ್ರಂಥ. ಜೊತ್ತೋವಿನ ಶಿಷ್ಯ ತದ್ದೇಯೋ ಗದ್ದಿ; ಅವನ ಮಗ ಆನ್ಯೋಲೋ; ಈ ಆನ್ಯೋಲೋವಿನ ಬಳಿ ಹನ್ನೆರಡು ವರ್ಷ ಕಲಿತವನು ಚೆನ್ನೀನಿ. ನಿರ್ವಿವಾದವಾಗಿ ಅವನದೆನ್ನಬಹುದಾದ ಚಿತ್ರ ಒಂದೂ ಉಳಿದಿಲ್ಲ. ಉಳಿದಿರುವುದು ಪಾಠ ಮಾತ್ರ. ಅದೂ 1821ರಲ್ಲಿ ರೋಮಿನಲ್ಲಿ ಅಚ್ಚಾಗುವವರೆಗೆ ಹಸ್ತಪ್ರತಿಗಳಲ್ಲಿಯೇ ಅಡಗಿದ್ದಿತು.

ಅವನ ಶಿಷ್ಯನು ಮೊದಲು ಕೈಗೆತ್ತಿಕೊಳ್ಳುವುದು ಬಣ್ಣವನ್ನಲ್ಲ, ಎಲುಬನ್ನು. ಊಟದ ಮೇಜಿನಡಿ ಬಿದ್ದ ಕೋಳಿಯ ಎಲುಬುಗಳನ್ನು ಬೂದಿಗಿಂತಲೂ ಬೆಳ್ಳಗಾಗುವಂತೆ ಸುಟ್ಟು, ನುಣ್ಣಗೆ ಅರೆದು, ಅದರಲ್ಲಿ ಅರ್ಧ ಕಾಳಿನಷ್ಟನ್ನು ಉಗುಳಿನಲ್ಲಿ ಕಲಸಿ ಚಿಕ್ಕ ಹಲಗೆಯೊಂದಕ್ಕೆ ಬಳಿಯಬೇಕು. ಅದರ ಮೇಲೆ ಬೆಳ್ಳಿಯ ಕಡ್ಡಿಯಿಂದ ರೇಖಾಭ್ಯಾಸ. ಈ ವಿಧಾನದ ಮರ್ಮವಿರುವುದು ಬೆಳ್ಳಿಯ ಸ್ವಭಾವದಲ್ಲಿ. ಇದ್ದಲಿನಂತೆ ಅದು ಒತ್ತಿದಷ್ಟೂ ಕಪ್ಪಾಗುವುದಿಲ್ಲ. ಬಲವಾಗಿ ಒತ್ತಿದರೆ ಲೇಪ ಕಿತ್ತುಬರುವುದು, ಅಷ್ಟೆ. ನೆರಳು ಬೇಕಾದೆಡೆಗೆ ಮತ್ತೆ ಮತ್ತೆ ಮರಳಿ, ಕಂಡೂ ಕಾಣದಂತಹ ಗೆರೆಗಳನ್ನು ಒಂದರ ಮೇಲೊಂದು ಕೂಡಿಸುತ್ತ ಹೋಗಬೇಕು. ಕೈಯ ಅವಸರವನ್ನು ಗುರುವು ಗದರಿಸಬೇಕಾಗಿಲ್ಲ. ಉಪಕರಣವೇ ಅದನ್ನು ತಡೆಯುತ್ತದೆ. ಇಂದಿನ ಕಲಾಶಾಲೆಗಳ ಮೆತ್ತನೆಯ ಪೆನ್ಸಿಲ್ಲಿಗೆ ಈ ಗುಣವಿಲ್ಲ.

ಹಲಗೆಯ ಮೇಲೆ ಹೀಗೆ ಒಂದು ವರ್ಷ. ಬಣ್ಣ ಅರೆಯುವುದು, ಸರೇಸು ಕುದಿಸುವುದು ಮೊದಲಾದ ಕೆಲಸಗಳಿಗೆ ಆರು ವರ್ಷ. ವರ್ಣಲೇಪನಕ್ಕೂ ಭಿತ್ತಿಚಿತ್ರಕ್ಕೂ ಮತ್ತೆ ಆರು. ಹಬ್ಬದ ದಿನವೂ ರೇಖಾಭ್ಯಾಸ ತಪ್ಪಕೂಡದು. ಒಬ್ಬನೇ ಗುರುವಿನ ಶೈಲಿಯನ್ನು ಹಿಡಿಯಬೇಕೆಂದೂ, ನಿಸರ್ಗವೇ ಎಲ್ಲಕ್ಕಿಂತ ಮಿಗಿಲಾದ ಮಾರ್ಗದರ್ಶಿಯೆಂದೂ ಅವನು ಹೇಳುತ್ತಾನೆ. ಆದರೆ ಬೆಟ್ಟವನ್ನು ಬರೆಯಲು ಒರಟು ಕಲ್ಲುಗಳನ್ನು ಮುಂದಿರಿಸಿಕೊಂಡರೆ ಸಾಕೆನ್ನುವವನೂ ಅವನೇ! ಅವನ ನಿಸರ್ಗ ಕಾರ್ಯಶಾಲೆಯ ಹೊಸ್ತಿಲನ್ನು ಅಷ್ಟಾಗಿ ದಾಟಿದಂತಿಲ್ಲ.

ವರ್ಣದ ವಿಷಯದಲ್ಲಿಯಾದರೋ ಅವನ ಕಣ್ಣು ಬಹು ಸೂಕ್ಷ್ಮ. ಬಣ್ಣ ಕಲಸಲು ತತ್ತಿಯ ಹಳದಿಯೇ ಅಂಟು. ತರುಣರ ಮುಖಕ್ಕೆ ಪಟ್ಟಣದ ಕೋಳಿಯ ತಿಳಿಯಾದ ಹಳದಿ. ವೃದ್ಧರ, ಕಪ್ಪು ಮೈಯವರ ಮುಖಕ್ಕೆ ಹಳ್ಳಿಯ ಕೋಳಿಯ ಕೆಂಪೇರಿದ ಹಳದಿ. ಮುಖದ ಮೊದಲ ಪದರ ಹಸಿರು ಮಣ್ಣಿನದು. ಅದರ ಮೇಲೆ ಮೂರು ಛಾಯೆಗಳ ಮೈಬಣ್ಣವನ್ನು ಏರಿಸುತ್ತ ಹೋದಂತೆ ಅಡಿಯ ಹಸಿರು ನೆರಳಿನ ತಂಪಾಗಿ ಮಾತ್ರ ಉಳಿಯುತ್ತದೆ. ಅಂದಿನ ಕೆಲವು ಫಲಕಗಳಲ್ಲಿ ಮಾತೆ ಮರಿಯಳ ಮುಖ ಇಂದು ಹಸಿರಾಗಿ ತೋರುವುದು ಆ ಮೇಲ್ಪದರ ಸವೆದುದರಿಂದ. ಶುಚಿಗೊಳಿಸುವ ಭರದಲ್ಲಿ ಅದನ್ನು ಒರೆಸಿ ತೆಗೆದವರೂ ಉಂಟು.