ಸ್ಟಿಕರ್ ಆದ ಮುಖ

ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರ ಸ್ಟಾಫ್‌ರೂಮಿನಲ್ಲಿ ವಿಜ್ಞಾನದ ಮೇಡಂ ಕೆಲವು ಪ್ರಿಂಟ್‌ಗಳನ್ನು ಮುಂದಿಟ್ಟರು. ಒಂಬತ್ತನೇ ತರಗತಿ ಮಕ್ಕಳ ವಾಟ್ಸ್‌ಆ್ಯಪ್ ಗ್ರೂಪಿನ ಸ್ಕ್ರೀನ್‌ಶಾಟ್‌ಗಳವು. ‘ನಾಳೆ ರೆಕಾರ್ಡ್ ತರಬೇಕಾ?’ ಎಂದು ಒಬ್ಬಳು ಕೇಳಿದ್ದಾಳೆ. ಉತ್ತರವಾಗಿ ಒಂದು ಸ್ಟಿಕರ್. ಇನ್ಯಾರದೋ ಹುಟ್ಟುಹಬ್ಬಕ್ಕೂ ಅದೇ. ಎಲ್ಲ ಕಡೆ ಸ್ಟಿಕರ್ ಮೇಲೆ ಬಿಳಿ ಕಾಗದದ ಚೂರು ಅಂಟಿಸಿದ್ದರು. ಅದರಡಿ ಇದ್ದದ್ದು ಶಾಲಾ ಪ್ರವಾಸದ ಬಸ್ಸಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ ಸಹಪಾಠಿಯ ಮುಖ.

ಈ ಸ್ಟಿಕರ್ ನನ್ನ ತಲೆಯಿಂದ ಹೋಗುತ್ತಿಲ್ಲ. ಫೋಟೊದ ಹಿನ್ನೆಲೆ ಕತ್ತರಿಸಲು ಒಂದು ನಿಮಿಷ ಸಾಕು. ಬಂದದ್ದನ್ನು ಒತ್ತಿ ಫೇವರಿಟ್ಸ್‌ಗೆ ಸೇರಿಸಿಕೊಂಡರೆ ಮುಗಿಯಿತು, ಮಾಡಿದವನು ಅಳಿಸಿದರೂ ಉಳಿದವರ ಮೊಬೈಲಿನಲ್ಲಿ ಅದು ಇದ್ದೇ ಇರುತ್ತದೆ. ಬೈಗುಳವಾದರೆ ಬೈದವನ ಹೆಸರಾದರೂ ಇರುತ್ತದೆ. ಸ್ಟಿಕರ್ ಕೈಯಿಂದ ಕೈಗೆ ಹೋಗುತ್ತ ಇಡೀ ತರಗತಿಯ ಸೊತ್ತಾಗಿಬಿಡುತ್ತದೆ. ಹೀಗಿರುವಾಗ ‘ಮಾಡಿದ್ದು ಯಾರು?’ ಎಂದು ಪ್ರಾರ್ಥನೆಯ ಸಾಲಿನಲ್ಲಿ ಗದರಿ ಏನು ಪ್ರಯೋಜನ?

ಸ್ಟಿಕರ್ ಆದ ಹುಡುಗ ಹೊಟ್ಟೆನೋವೆಂದು ಶಾಲೆ ತಪ್ಪಿಸತೊಡಗಿದ್ದ. ‘ಹೇಳಿದ್ರೆ ಮನೇಲಿ ಫೋನ್ ಕಿತ್ಕೊಳ್ತಾರೆ ಮಿಸ್’ ಎಂದನಂತೆ. ಫೋನ್ ಕಿತ್ತುಕೊಂಡರೆ ನೊಂದ ಮಗುವಿಗೇ ಶಿಕ್ಷೆ. ಮೇಡಂ ಮೊದಲು ಅವನ ಅಮ್ಮನಿಂದ ಫೋನ್ ಕಸಿಯುವುದಿಲ್ಲವೆಂಬ ಮಾತು ಪಡೆದರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಸಿಟ್ಟರು. ಆಮೇಲೆ ಸ್ಟಿಕರ್ ಕಳಿಸಿದವರ ಜೊತೆಗೆ ನಕ್ಕವರನ್ನೂ ಒಬ್ಬೊಬ್ಬರಾಗಿ ಕರೆದರು. ‘ನಾನು ಬರೀ ನಗೋ ಇಮೋಜಿ ಹಾಕಿದ್ದು’ ಎಂದ ಕ್ಲಾಸ್ ಲೀಡರ್ ಹುಡುಗಿಗೆ, ಅವನ ಪರ ನಿಲ್ಲುವ ಕೆಲಸ ವಹಿಸಿದರು. ಗ್ರೂಪಿನಲ್ಲಿ ‘ಇದು ಬೇಡ, ಎಲ್ರೂ ತೆಗೀರಿ’ ಎಂದು ಬರೆದವಳು ಅವಳೇ.

ಶಾಲಾ ಕಿರುಕುಳ ತಡೆಯುವ ಫಿನ್ಲೆಂಡಿನ ‘ಕಿವಾ’ ಕಾರ್ಯಕ್ರಮದ ತಿರುಳೂ ಇದೇ. ಅದಕ್ಕೂ ಮೊದಲು ನಾರ್ವೆಯಲ್ಲಿ ಮನೋವಿಜ್ಞಾನಿ ಡಾನ್ ಓಲ್ವೇಯಸ್ 1983ರಲ್ಲೇ ಇಂಥ ಕಿರುಕುಳದ ವಿರುದ್ಧ ಕೆಲಸ ಆರಂಭಿಸಿದ್ದರು. ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ನೋಡುತ್ತ ನಿಂತವರತ್ತ ಗಮನ ಹರಿಸಿದರು: ನಗುವವರಿದ್ದರೆ ಕಾಡುವವನಿಗೆ ಬಲ. ಅವರ ತಂಡ ರೂಪಿಸಿದ ಕಿವಾ 2009ರಿಂದ ದೇಶದಾದ್ಯಂತ ಶಾಲೆಗಳಿಗೆ ಹೋಯಿತು. ಅಲ್ಲಿ ನೊಂದ ಮಗುವಿನ ಜೊತೆಗಿರಲು ತರಗತಿಯಲ್ಲಿ ಎಲ್ಲರಿಗೂ ಬೇಕಾದ ಎರಡು–ನಾಲ್ಕು ಮಕ್ಕಳನ್ನು ಶಿಕ್ಷಕರೇ ಕೇಳಿಕೊಳ್ಳುತ್ತಾರೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಪೊಲೀಸರನ್ನು ಕರೆಸಿ ಮಾಡುವ ಒಂದು ಗಂಟೆಯ ‘ಜಾಗೃತಿ ಕಾರ್ಯಕ್ರಮ’ದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ಆದರೆ ಎಲ್ಲವನ್ನೂ ತರಗತಿಯೊಳಗೇ ಬಗೆಹರಿಸಲಾಗದು. ಮಗುವಿನ ನಗ್ನ ಚಿತ್ರ ಹರಿದಾಡಿದರೆ ಅದು ಪೋಕ್ಸೊ ಪ್ರಕರಣ. ಕಾಯ್ದೆಯ 19ನೇ ಕಲಮಿನಂತೆ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಮಾನದ ಹೆಸರಿನಲ್ಲಿ ಮುಚ್ಚಿಟ್ಟರೆ ಮುಚ್ಚಿಟ್ಟವರಿಗೇ ಶಿಕ್ಷೆ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯೂ ಇದೆ: ಚಿತ್ರ ಮೊಬೈಲಿನಲ್ಲೇ ಉಳಿಯುತ್ತದೆ, ಅದರ ಗುರುತಿನ ಸಂಕೇತವಷ್ಟೇ ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ಕಂಪನಿಗಳಿಗೆ ಹೋಗಿ, ಅಂಥ ಚಿತ್ರ ಕಂಡರೆ ತೆಗೆಯಲು ನೆರವಾಗುತ್ತದೆ. ಮೇಡಂಗೆ ಇದು ಹೊಸದು. ವಿವರ ಬರೆದುಕೊಂಡು, ಮುಂದಿನ ಪೋಷಕರ ಸಭೆಯಲ್ಲಿ ಹೇಳುತ್ತೇನೆ ಎಂದರು.