ಚರ್ಚಿಗಿಂತ ದೊಡ್ಡದಾಗಿ ಬೆಳೆದ ಶಾಲೆ

ನೂರಿಪ್ಪತ್ತು ವರ್ಷಗಳ ಹಿಂದೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಹುಡುಗನೊಬ್ಬ ಮೆಟ್ರಿಕ್ ಮುಗಿಸಿ ಮುಂದೆ ಓದುವೆನೆಂದರೆ ಮನೆಯವರು ಬಳ್ಳಾರಿಯ ದಾರಿ ತೋರಿಸಬೇಕಿತ್ತು. ಅಲ್ಲಿದ್ದದ್ದು ವಾರ್ಡ್‌ಲಾ ಕಾಲೇಜು, ಎಫ್‌.ಎ. (ಬಿ.ಎ.ಗೆ ಮುಂಚಿನ ತರಗತಿ) ತನಕ ಓದು. ಆಗ ಈ ಮೂರೂ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನ ಒಂದು ಪೇಟೆ. ಹಗರಿಬೊಮ್ಮನಹಳ್ಳಿ ಇನ್ನೂ ತಾಲ್ಲೂಕು ಕೇಂದ್ರವಾಗಿರಲಿಲ್ಲ.

ಕಾಲೇಜನ್ನು ನಡೆಸುತ್ತಿದ್ದದ್ದು ಲಂಡನ್ ಮಿಷನ್.

ಆ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರು ಹೊರಟಿದ್ದು ಶ್ರೀರಂಗಪಟ್ಟಣಕ್ಕೆ. ಅಲ್ಲಿ ನೆಲೆಸಲು ಆಗದೆ ಬಳ್ಳಾರಿಯಲ್ಲಿ ಉಳಿದರು. ಮಿಷನರಿಗಳೆಂದರೆ ಕಂಪನಿ ಸರ್ಕಾರಕ್ಕೆ ಆಗ ಅಷ್ಟಕ್ಕಷ್ಟೆ. ಕನ್ನಡ ಮುದ್ರಣದ ಮಾತು ಬಂದರೆ ನಾವು ಥಟ್ಟನೆ ಮಂಗಳೂರಿನ ಬಾಸೆಲ್ ಮಿಷನ್ ಹೆಸರು ಹೇಳುತ್ತೇವೆ. ಅವರು ಕಾಲಿಟ್ಟದ್ದು 1834ರಲ್ಲಿ. ಅಷ್ಟರೊಳಗೆ ಬಳ್ಳಾರಿಯಲ್ಲಿ ಹ್ಯಾಂಡ್ಸ್ ಕನ್ನಡ ಬೈಬಲ್ಲಿನ ಕೆಲಸ ಮುಗಿಸಿದ್ದರು. ಅವರ ಸಂಗಡಿಗ ವಿಲಿಯಂ ರೀವ್ ಕನ್ನಡ–ಇಂಗ್ಲಿಷ್ ನಿಘಂಟನ್ನು 1832ರಲ್ಲಿ ಮದ್ರಾಸಿನಲ್ಲಿ ಅಚ್ಚು ಹಾಕಿಸಿದ್ದರು. ಕಿಟ್ಟೆಲ್ ನಿಘಂಟು ಹೊರಬರಲು ಇನ್ನೂ 62 ವರ್ಷ ಬಾಕಿ! ಬಳ್ಳಾರಿಗೆ ಈ ವಿಷಯದಲ್ಲಿ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಮುಂದೆ ಕಾಲೇಜಾಗಿ ಬೆಳೆದ ಮಿಷನ್ ಶಾಲೆಯ ಹುಟ್ಟು 1846ರದು. ಜಾನ್ ಸ್ಮಿತ್ ವಾರ್ಡ್‌ಲಾ ಎಂಬ ಮಿಷನರಿಯ ಹೆಸರು ಅದಕ್ಕೆ ಅಂಟಿಕೊಂಡಿತು. ಚರ್ಚಿನ ಸಭೆ ಚಿಕ್ಕದಾಗಿಯೇ ಉಳಿಯಿತು, ಶಾಲೆ ಮಾತ್ರ ತುಂಬಿತು. ಬೆಳಿಗ್ಗೆ ಬೈಬಲ್ ಪಾಠಕ್ಕೆ ಕೂರುತ್ತಿದ್ದ ಹುಡುಗರಲ್ಲಿ ಹೆಚ್ಚಿನವರು ಸಂಜೆ ಮನೆಯಲ್ಲಿ ವಿಭೂತಿಯನ್ನೋ ನಾಮವನ್ನೋ ಹಚ್ಚುವವರು. ಅವರಿಗೆ ಬೇಕಿದ್ದದ್ದು ಇಂಗ್ಲಿಷು: ಕಚೇರಿ ಗುಮಾಸ್ತಿಕೆ, ವಕೀಲಿಕೆ, ಮೇಷ್ಟರ ಕೆಲಸ. ಮಿಷನ್ನಿನವರ ಲೆಕ್ಕ ಬೇರೆ, ಊರಿನವರ ಲೆಕ್ಕ ಬೇರೆ. ಎರಡೂ ಒಂದೇ ಬೆಂಚಿನ ಮೇಲೆ ನಡೆದವು.

ಹಡಗಲಿಯಿಂದ ಬಳ್ಳಾರಿ ನೂರು ಕಿಲೋಮೀಟರಿಗೂ ಮೀರಿದ ದೂರ. ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂದದ್ದು 20ನೇ ಶತಮಾನದ ಆರಂಭದಲ್ಲಿ. ಅದಕ್ಕೆ ಮುಂಚೆ ಗಾಡಿ ಕಟ್ಟಬೇಕು. ಬಳ್ಳಾರಿಯಲ್ಲಿ ಉಂಡುಟ್ಟು ಇರಲು ನೆಂಟರ ಮನೆ ಹುಡುಕಬೇಕು. ಹೀಗಾಗಿ ಉಳ್ಳವರ ಮಕ್ಕಳಿಗಷ್ಟೇ ಅದು ಎಟುಕುತ್ತಿತ್ತು.

ಮಿಷನ್ ಶಾಲೆಯನ್ನು ಕಂಡು ಊರಿನವರೂ ಸುಮ್ಮನೆ ಕೂರಲಿಲ್ಲ. 1916ರಲ್ಲಿ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. 1945ರಲ್ಲಿ ವೀರಶೈವ ಕಾಲೇಜು ತೆರೆಯಿತು. ಮುಂದೆ ಕೊಟ್ಟೂರು, ಹಡಗಲಿಗಳಲ್ಲೂ ಕಾಲೇಜುಗಳಾದವು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋಗಿ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯಂಥ ಪಡುವಣ ತಾಲ್ಲೂಕುಗಳು ಬಳ್ಳಾರಿಯೊಂದಿಗೆ ಮೈಸೂರಿಗೆ ಸೇರಿದವು. ವಾರ್ಡ್‌ಲಾ ಹೆಸರಿನ ಶಾಲೆ ಹೈಸ್ಕೂಲು, ಪಿಯು ಕಾಲೇಜಾಗಿ ಬಳ್ಳಾರಿಯಲ್ಲಿ ಈಗಲೂ ನಡೆಯುತ್ತಿದೆ.